ಮರೆಯಲು ಬೇಕಾದ ನಲವತ್ತೆಂಟು ಗಂಟೆ

ಅಂತರಜಾಲದಲ್ಲಿ ಎಲ್ಲವೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ನಡೆದುಹೋಗುತ್ತದೆ ಎಂಬ ನಂಬಿಕೆ ವಿಜಯಪುರ ಜಿಲ್ಲೆಯ ಚಡಚಣದಲ್ಲಿಯೂ ಅಮೆರಿಕದ ಮಹಾನಗರಗಳಲ್ಲಿಯೂ ಈಗ ಒಂದೇ ಆಳಕ್ಕೆ ಬೇರುಬಿಟ್ಟಿರುವುದರಿಂದ, ಆ ನಂಬಿಕೆಯನ್ನು ದಿನನಿತ್ಯ ಸುಳ್ಳು ಮಾಡುತ್ತಿರುವ ಒಂದು ಸಂಗತಿ ವಿದ್ವಜ್ಜನರ ಪರಾಮರ್ಶೆಗೆ ಅರ್ಹವಾಗಿದೆ. ಭೀಮಾ ತೀರದ ತೋಟದಲ್ಲಿ ನಿಂತು ಕಳಿಸಿದ ಲಿಂಬೆ ಗಿಡದ ವಿಡಿಯೊ ದುಬೈಯಲ್ಲಿರುವ ಮಗನ ಕೈಸೇರಲು ಕೆಲವು ಸೆಕೆಂಡು ಸಾಕು. ಸಂತೆಯಲ್ಲಿ ಮೆಣಸಿನಕಾಯಿ ಕೊಂಡವರ ದುಡ್ಡು ಮಾರಿದವರ ಖಾತೆಗೆ ಜಮೆಯಾದುದನ್ನು ಸಾರುವ ಪೆಟ್ಟಿಗೆ, ಕೊಂಡವರು ಚೀಲ ಎತ್ತಿಕೊಳ್ಳುವ ಮೊದಲೇ ಕೂಗಿ ಮುಗಿಸಿರುತ್ತದೆ. ಆದರೆ ಒಂದು ಜಾಲತಾಣವು ತಾನಿದ್ದ ಕಂಪ್ಯೂಟರನ್ನು ಬಿಟ್ಟು ಇನ್ನೊಂದು ಕಂಪ್ಯೂಟರಿಗೆ ಮನೆ ಬದಲಿಸಿದರೆ ಮಾತ್ರ, ಆ ಹೊಸ ವಿಳಾಸ ಎಲ್ಲರಿಗೂ ತಿಳಿಯಲು 24ರಿಂದ 48 ಗಂಟೆ ಹಿಡಿಯಬಹುದು ಎಂಬ ಒಕ್ಕಣೆ ಪರದೆಯ ಮೇಲೆ ಮೂಡುತ್ತದೆ. ಈ ಒಕ್ಕಣೆಯನ್ನು ರಚಿಸಿದವರು ಯಾರೇ ಆಗಿರಲಿ, 'ಬಹುದು' ಎಂಬಲ್ಲಿ ತಮ್ಮ ರಕ್ಷಣೆಗೆ ಬೇಕಾದ ಕೋಟೆಯನ್ನು ಕಟ್ಟಿಕೊಂಡಿದ್ದಾರೆ.

ಇಂಥ ಸಂಕಟದ ಅಧ್ಯಯನಕ್ಕೆ ಚಡಚಣ ಅನೇಕ ಕಾರಣಗಳಿಂದ ಯೋಗ್ಯವಾದ ಊರು. ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಈ ಪಟ್ಟಣ ಬಟ್ಟೆ ವ್ಯಾಪಾರಕ್ಕೆ ಹೆಸರಾದದ್ದು. ಮದುವೆಯ ಜವಳಿಗೆಂದು ಗಡಿಯ ಎರಡೂ ಬದಿಯವರು ಇಲ್ಲಿಯ ಪೇಟೆಗೆ ಬರುತ್ತಾರೆ. ಈ ಪೇಟೆಯ ಒಂದು ಅರಿವಿ ಅಂಗಡಿಗೆ ಸೀರೆಗಳ ಚಿತ್ರಗಳಿರುವ ಜಾಲತಾಣವೊಂದಿದ್ದು, ಅದನ್ನು ನಿಧಾನಗತಿಯ ಹಳೆಯ ಸರ್ವರ್‌ನಿಂದ, ಅಂದರೆ ಕೇಳಿದವರಿಗೆ ಪುಟಗಳನ್ನು ಒದಗಿಸುವ ಕಂಪ್ಯೂಟರಿನಿಂದ, ಹೊಸದೊಂದಕ್ಕೆ ಸ್ಥಳಾಂತರಿಸಲಾಯಿತು ಎಂದು ಕಲ್ಪಿಸಿಕೊಂಡರೆ ಮುಂದಿನದು ತಾನಾಗಿ ನಡೆಯುತ್ತದೆ. ಸೊಲ್ಲಾಪುರದಲ್ಲಿರುವ ಬೀಗರು ಫೋನು ಮಾಡಿ ಹೊಸ ಸೀರೆಗಳನ್ನು ಹೊಗಳುತ್ತಾರೆ. ಸಿಂದಗಿಯ ಗಿರಾಕಿ ಹೋದ ವರ್ಷದ ದರವನ್ನೇ ಹಿಡಿದು ಚೌಕಾಸಿಗೆ ಇಳಿಯುತ್ತಾರೆ. ಅಂಗಡಿಯ ಗಲ್ಲೆಯಲ್ಲಿ ಕುಳಿತ ಸಾವಕಾರರ ಮೊಬೈಲಿನಲ್ಲಿಯೂ ಹಳೆಯ ಪುಟವೇ ಹಲ್ಲುಕಿರಿಯುತ್ತದೆ. "ಏನೋ ತಮ್ಮಾ, ಸೊಲ್ಲಾಪುರದಾಗ ಹೊಸಾದು ಕಾಣಾಕತ್ತೈತಂತ, ನನ್ನ ಅಂಗಡಿಯಾಗ ನನಗs ಹಳೇದು ಬರಾಕತ್ತೈತಲ್ಲ" ಎಂದು ಅವರು ಕೇಳಿದರೆ, ವಿಜಯಪುರದಲ್ಲಿ ಕುಳಿತು ಈ ಕೆಲಸ ಮಾಡಿಕೊಟ್ಟ ಹುಡುಗ "ಹಬ್ಬಾಕತ್ತೈತ್ರೀ ಸಾವಕಾರ್ರ, ನಾಳಿಗಿ ಅನ್ನೂದ್ರಾಗ ಎಲ್ಲಾ ಕಡೆ ಮುಟ್ಟತೈತಿ" ಎಂದು ಉತ್ತರಿಸುತ್ತಾನೆ. ಜಾತ್ರೆಯ ಸುದ್ದಿಯಂತೆ ಏನೋ ಒಂದು ಊರಿಂದೂರಿಗೆ ಹಬ್ಬುತ್ತಿದೆ ಎಂಬ ಚಿತ್ರ ಸಾವಕಾರರ ಮನಸ್ಸಿನಲ್ಲಿ ನಿಲ್ಲುತ್ತದೆ. ಆ ಹುಡುಗನ ಮನಸ್ಸಿನಲ್ಲಿಯೂ ಅದೇ ಚಿತ್ರವಿರುವುದು ಈ ವಿಷಯದ ನಿಜವಾದ ತೊಡಕು, ಏಕೆಂದರೆ ಅಲ್ಲಿ ಯಾವುದೂ ಹಬ್ಬುತ್ತಿರುವುದಿಲ್ಲ.

ಇದನ್ನು ತಿಳಿಯಲು ಹೆಸರಿಗೂ ವಿಳಾಸಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಅರಿಯಬೇಕು. ಅಂತರಜಾಲದ ಯಂತ್ರಗಳು ಒಂದನ್ನೊಂದು ಗುರುತಿಸುವುದು ಐಪಿ ವಿಳಾಸವೆಂಬ ಅಂಕಿಗಳಿಂದ; ಮನುಷ್ಯರಿಗೆ ಅಂಕಿ ನೆನಪಿರುವುದಿಲ್ಲವಾದ್ದರಿಂದ ಅವುಗಳ ಮೇಲೆ ಹೆಸರಿನ ಹೊದಿಕೆಯನ್ನು ಹಾಸಲಾಗಿದ್ದು, ಆ ಹೆಸರೇ ಡೊಮೇನ್. ಹೆಸರನ್ನು ಕೊಟ್ಟರೆ ಅಂಕಿಯನ್ನು ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್ಎಸ್ ಎನ್ನುತ್ತಾರೆ. ವಿಜಯಪುರ ಜಿಲ್ಲಾಡಳಿತದ ಜಾಲತಾಣವಾದ 'ವಿಜಯಪುರ ಡಾಟ್ ಎನ್ಐಸಿ ಡಾಟ್ ಇನ್' ಎಂಬುದನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಮುದ್ದೇಬಿಹಾಳದಲ್ಲಿ ಒಬ್ಬರು ಈ ಹೆಸರನ್ನು ಬೆರಳಿನಿಂದ ಒತ್ತಿದೊಡನೆ ಅವರ ಮೊಬೈಲ್ ಕಂಪನಿಯ ರಿಸಾಲ್ವರ್, ಅಂದರೆ ಗಿರಾಕಿಗಳ ಪರವಾಗಿ ಅಲೆದಾಡಿ ವಿಳಾಸ ಕೇಳಿಕೊಂಡು ಬರುವ ಸರ್ವರ್, ಎಲ್ಲಕ್ಕಿಂತ ಮೇಲಿನ ರೂಟ್ ಸರ್ವರಿನ ಬಾಗಿಲಿಗೆ ಹೋಗುತ್ತದೆ. ಅಕ್ಷರಗಳಿಂದ ಗುರುತಿಸಲಾಗುವ ರೂಟ್ ಸರ್ವರುಗಳು 13. ಅವುಗಳ ಪ್ರತಿಗಳು ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು. ಅಲ್ಲಿ ವಿಜಯಪುರದ ವಿಚಾರ ಯಾರಿಗೂ ಗೊತ್ತಿರುವುದಿಲ್ಲ. 'ಇನ್' ಎಂಬ ಭಾರತದ ವಲಯವನ್ನು ನೋಡಿಕೊಳ್ಳುವವರು ಯಾರೆಂಬುದಷ್ಟೇ ಗೊತ್ತಿರುತ್ತದೆ. 'ಇನ್'ನವರು 'ಎನ್ಐಸಿ'ಯವರ ಕಡೆಗೆ ಕೈತೋರುತ್ತಾರೆ. ಎನ್ಐಸಿಯವರ ಸರ್ವರ್ ಕೊನೆಗೆ ಅಂಕಿಯನ್ನು ಕೊಡುತ್ತದೆ. ಈ ಕೊನೆಯ ಸರ್ವರಿಗೆ ಅಧಿಕೃತ ಸರ್ವರ್ ಎಂದು ಹೆಸರು. ತನ್ನದಲ್ಲದ ವಿಷಯಕ್ಕೆ ಉತ್ತರ ಕೊಡದೆ ಮುಂದಿನ ಮೇಜಿಗೆ ಕಳಿಸುವ ಈ ಪದ್ಧತಿಯಲ್ಲಿ ತಾಲ್ಲೂಕು ಕಚೇರಿಯ ಅನುಭವವುಳ್ಳ ಯಾರಿಗೂ ಹೊಸತೇನೂ ಕಾಣುವುದಿಲ್ಲ. ಹೋದ ಮೇಜಿನಲ್ಲೆಲ್ಲ ಜನರಿದ್ದು, ಊಟಕ್ಕೆ ಹೋಗಿರದೆ, ಸೆಕೆಂಡಿನ ಒಂದು ಚೂರಿನಲ್ಲಿ ಉತ್ತರ ಕೊಡುವುದಷ್ಟೇ ವಿಶೇಷ.

ಈ ಮೇಜುಗಳ ಸಾಲು ಏರ್ಪಡುವ ಮೊದಲು ಒಂದೇ ಮೇಜಿತ್ತು. ಅಂತರಜಾಲದ ಪೂರ್ವಜವಾದ ಆರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು ಮತ್ತು ವಿಳಾಸಗಳಿದ್ದ ಒಂದೇ ಕಡತವನ್ನು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ನಿರ್ವಹಿಸುತ್ತಿತ್ತು. ಹೊಸ ಕಂಪ್ಯೂಟರ್ ಬಂದರೆ ಅಲ್ಲಿಗೆ ತಿಳಿಸಬೇಕಿತ್ತು, ತಿದ್ದಿದ ಕಡತವನ್ನು ಉಳಿದವರೆಲ್ಲ ಆಗಾಗ ತಂದು ತಮ್ಮಲ್ಲಿ ಇಟ್ಟುಕೊಳ್ಳಬೇಕಿತ್ತು. ಆ ಕಾಲದಲ್ಲಿ ಬದಲಾವಣೆ ನಿಜವಾಗಿಯೂ ಊರಿಂದೂರಿಗೆ ಪ್ರಯಾಣ ಮಾಡುತ್ತಿತ್ತೆಂದು ಹೇಳಬಹುದು. ಕಂಪ್ಯೂಟರುಗಳು ಹೆಚ್ಚಿದಂತೆ ಕಡತ ಉಬ್ಬಿತು, ತರುವವರು ಹೆಚ್ಚಿದರು, ಕೈಗೆ ಬರುವ ಹೊತ್ತಿಗೆ ಕಡತ ಹಳತಾಗತೊಡಗಿತು. ಆಗ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಪಾಲ್ ಮೊಕಪೆಟ್ರಿಸ್ ಅವರು 1983ರ ನವೆಂಬರಿನಲ್ಲಿ ಡಿಎನ್ಎಸ್‌ನ ರೂಪರೇಷೆಯನ್ನು ಆರ್ಎಫ್‌ಸಿ 882 ಮತ್ತು 883 ಎಂಬ, ಅಂತರಜಾಲದ ನಿಯಮಗಳನ್ನು ದಾಖಲಿಸುವ ಸರಣಿಯ ಪತ್ರಗಳಲ್ಲಿ ಪ್ರಕಟಿಸಿದರು. 1987ರ ನವೆಂಬರಿನಲ್ಲಿ ಅವುಗಳ ಪರಿಷ್ಕೃತ ರೂಪಗಳಾದ 1034 ಮತ್ತು 1035 ಬಂದವು. ಇಂದಿಗೂ ಜಗತ್ತು ನಡೆಯುತ್ತಿರುವುದು ಅವುಗಳ ಆಧಾರದ ಮೇಲೆಯೇ. ಹೆಸರುಗಳ ವ್ಯವಹಾರಕ್ಕೂ ನವೆಂಬರ್ ತಿಂಗಳಿಗೂ ಏನೋ ನಂಟಿದೆ ಎಂದು ಕನ್ನಡಿಗರು ಮೊದಲಿಂದಲೂ ಶಂಕಿಸಿದ್ದರೆ ಅದು ತಪ್ಪಲ್ಲ.

ಮೊಕಪೆಟ್ರಿಸ್ ಅವರ ವಿನ್ಯಾಸದ ಜಾಣತನವೆಲ್ಲ ನೆನಪಿನ ಬಳಕೆಯಲ್ಲಿದೆ. ಪ್ರತಿಯೊಬ್ಬ ಗಿರಾಕಿ ಪ್ರತಿ ಸಲ ಕೇಳಿದಾಗಲೂ ರಿಸಾಲ್ವರ್ ರೂಟ್ ಸರ್ವರಿನಿಂದ ಹೊರಟು ಎಲ್ಲ ಮೇಜುಗಳನ್ನು ಸುತ್ತಬೇಕಾಗಿದ್ದರೆ ಮೇಲಿನ ಮೇಜುಗಳ ಮುಂದೆ ಯಾರೂ ನಿಲ್ಲಲಾಗದಷ್ಟು ನೂಕುನುಗ್ಗಲು ಆಗುತ್ತಿತ್ತು. ಆದುದರಿಂದ ಒಮ್ಮೆ ತಂದ ಉತ್ತರವನ್ನು ರಿಸಾಲ್ವರ್ ತನ್ನಲ್ಲಿ ಬರೆದಿಟ್ಟುಕೊಂಡು, ಅದೇ ಪ್ರಶ್ನೆ ಮತ್ತೆ ಬಂದರೆ ಎಲ್ಲಿಗೂ ಹೋಗದೆ ಅದನ್ನೇ ಓದಿ ಹೇಳುತ್ತದೆ. ಹೀಗೆ ಬರೆದಿಟ್ಟುಕೊಂಡ ನೆನಪಿಗೆ ಕ್ಯಾಶ್ ಎನ್ನುತ್ತಾರೆ. ಬರೆದಿಟ್ಟದ್ದನ್ನು ಎಷ್ಟು ಹೊತ್ತು ನಂಬಬಹುದು ಎಂಬುದನ್ನು ರಿಸಾಲ್ವರ್ ತೀರ್ಮಾನಿಸುವುದಿಲ್ಲ. ಅಧಿಕೃತ ಸರ್ವರ್ ತನ್ನ ಪ್ರತಿಯೊಂದು ಉತ್ತರದ ಜೊತೆಗೂ ಅದರ ಆಯುಷ್ಯವನ್ನು ಸೆಕೆಂಡುಗಳಲ್ಲಿ ನಮೂದಿಸಿ ಕೊಟ್ಟಿರುತ್ತದೆ. ಟಿಟಿಎಲ್ ಎಂದು ಕರೆಯಲಾಗುವ ಈ ಆಯುಷ್ಯ 300 ಆಗಿದ್ದರೆ 5 ನಿಮಿಷ, 3600 ಆಗಿದ್ದರೆ 1 ಗಂಟೆ, 86400 ಆಗಿದ್ದರೆ ಪೂರ್ತಿ ಒಂದು ದಿನ. ಅಷ್ಟು ಹೊತ್ತು ರಿಸಾಲ್ವರ್ ಪ್ರಶ್ನಿಸುವುದಿಲ್ಲ, ಸಂಶಯಪಡುವುದಿಲ್ಲ, ಊರಿಗೆ ಹೋಗಿ ನೋಡಿಬರುವುದೂ ಇಲ್ಲ.

ಚಡಚಣದ ಸಾವಕಾರರ ಕಥೆ ಈಗ ಬೇರೆಯೇ ಆಗಿ ಕಾಣುತ್ತದೆ. ವಿಜಯಪುರದ ಹುಡುಗ ಅಧಿಕೃತ ಸರ್ವರಿನಲ್ಲಿ ಅಂಕಿಯನ್ನು ತಿದ್ದಿದ ಗಳಿಗೆಯಲ್ಲಿಯೇ ಕೆಲಸ ಸಂಪೂರ್ಣವಾಗಿ ಮುಗಿದಿರುತ್ತದೆ; ಆ ಸರ್ವರಿಗೆ ಜಗತ್ತಿನ ರಿಸಾಲ್ವರುಗಳ ಪಟ್ಟಿ ಗೊತ್ತಿಲ್ಲ, ಯಾರು ಯಾವಾಗ ಬಂದು ಕೇಳಿ ಹೋದರೆಂಬ ವಹಿಯನ್ನು ಅದು ಇಟ್ಟಿಲ್ಲ, ಡಂಗುರ ಹೊಡೆಯುವ ಯಾವ ಏರ್ಪಾಡೂ ಅದರ ಬಳಿ ಇಲ್ಲ. ಬೆಳಿಗ್ಗೆ ಯಾರೋ ಕೇಳಿದ್ದರಿಂದ ಸಿಂದಗಿಯ ಗಿರಾಕಿಯ ಕಂಪನಿಯ ರಿಸಾಲ್ವರಿನಲ್ಲಿ ಹಳೆಯ ಅಂಕಿ ಉಳಿದಿದ್ದು, ಆ ನೆನಪಿನ ಆಯುಷ್ಯ ತೀರಿ ಅದು ಮತ್ತೆ ಕೇಳಲು ಬರುವವರೆಗೆ ಕಾಯಬೇಕು. ಸೊಲ್ಲಾಪುರದ ಬೀಗರು ಮುಂದುವರಿದವರೂ ಅಲ್ಲ, ಅವರ ಇಂಟರ್ನೆಟ್ ವೇಗದ್ದೂ ಅಲ್ಲ. ಅವರ ರಿಸಾಲ್ವರಿಗೆ ಅದುವರೆಗೆ ಈ ಅಂಗಡಿಯ ಹೆಸರನ್ನು ಯಾರೂ ಕೇಳಿರಲಿಲ್ಲ, ಆದ್ದರಿಂದ ಅದಕ್ಕೆ ಮರೆಯಬೇಕಾದದ್ದು ಏನೂ ಇರಲಿಲ್ಲ. ಹೊಸ ಸುದ್ದಿ ಎಲ್ಲರಿಗಿಂತ ಮೊದಲು ತಲುಪುವುದು ಹಳೆಯ ಸುದ್ದಿ ಗೊತ್ತೇ ಇಲ್ಲದವರಿಗೆ. ಅಂಗಡಿಯನ್ನು ದಿನಕ್ಕೆ ಹತ್ತು ಸಲ ತೆರೆದು ನೋಡುವ ಸಾವಕಾರರು, ಹಾಗೆ ನೋಡಿದ್ದರಿಂದಲೇ ತಮ್ಮ ರಿಸಾಲ್ವರಿನಲ್ಲಿ ಹಳೆಯ ವಿಳಾಸವನ್ನು ಹೊಚ್ಚಹೊಸದಾಗಿ ಇಡಿಸಿಕೊಂಡಿರುತ್ತಾರೆ. ಪ್ರೀತಿಯ ಗಿರಾಕಿಗಳಿಗೇ ಕೊನೆಯ ದರ್ಶನವಾಗುವ ಈ ಏರ್ಪಾಡು ನ್ಯಾಯವಾದುದೇ ಎಂಬ ಪ್ರಶ್ನೆಯನ್ನು ಯಾವ ಆರ್ಎಫ್‌ಸಿಯೂ ಕೈಗೆತ್ತಿಕೊಂಡಿಲ್ಲ.

ಬಾಯಿಂದ ಬಾಯಿಗೆ ನಿಜವಾಗಿಯೂ ಹಬ್ಬುವ ಸಾಹಿತ್ಯ ಹೇಗಿರುತ್ತದೆ ಎಂಬುದನ್ನು ಬಲ್ಲವರು ಇದೇ ಸೀಮೆಯಲ್ಲಿದ್ದರು. ಚಡಚಣದ ಸಿಂಪಿ ಲಿಂಗಣ್ಣನವರೂ ಹಲಸಂಗಿಯ ಮಧುರಚೆನ್ನರೂ ಕೂಡಿದ್ದ ಹಲಸಂಗಿ ಗೆಳೆಯರ ಗುಂಪು ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದಿತು. ಅಂಥ ಹಾಡಿನಲ್ಲಿ ಒಬ್ಬಾಕೆಯ ಪಾಠ ಇನ್ನೊಬ್ಬಾಕೆಯ ಪಾಠಕ್ಕಿಂತ ಭಿನ್ನವಾದರೆ ಎರಡೂ ಸರಿಯೇ, ಏಕೆಂದರೆ ಹಾಡಿಗೆ ಅಧಿಕೃತ ಸರ್ವರ್ ಇಲ್ಲ. ಡೊಮೇನಿಗೆ ಆ ಸೌಕರ್ಯವಿಲ್ಲ. ಸಿಂದಗಿಯ ಪಾಠವೂ ಸೊಲ್ಲಾಪುರದ ಪಾಠವೂ ಒಂದೇ ಹೊತ್ತಿನಲ್ಲಿ ಚಲಾವಣೆಯಲ್ಲಿದ್ದರೂ ಅವುಗಳಲ್ಲಿ ಒಂದು ತಪ್ಪೇ ಆಗಿರುತ್ತದೆ, ಆದರೆ ಅವಧಿ ಮುಗಿಯುವವರೆಗೆ ಅದು ನಿಯಮಬದ್ಧವಾದ ತಪ್ಪು.

ನಿಯಮಬದ್ಧವಾದ ತಪ್ಪಿನ ವಿಷಯದಲ್ಲಿ ವಿಜಯಪುರ ಜಿಲ್ಲೆಯ ಜನರಿಗೆ ಡಿಎನ್ಎಸ್‌ನವರು ಕಲಿಸಬೇಕಾದದ್ದು ಹೆಚ್ಚಿಲ್ಲ. ಮುಂಬಯಿ ರಾಜ್ಯದಲ್ಲಿದ್ದ ಬಿಜಾಪುರ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ್ 1ರಂದು ಆ ರಾಜ್ಯವೇ ಕರ್ನಾಟಕವಾಯಿತು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾದಾಗ ಬಿಜಾಪುರ ವಿಜಯಪುರವಾಯಿತು. ಅಧಿಕೃತ ದಾಖಲೆಯಲ್ಲಿ ತಿದ್ದುಪಡಿ ಒಂದೇ ದಿನದಲ್ಲಿ ಮುಗಿದಿದ್ದರೂ, ಸೊಲ್ಲಾಪುರದ ಬಸ್ ನಿಲ್ದಾಣದಲ್ಲಿ "ಬಿಜಾಪುರ, ಬಿಜಾಪುರ" ಎಂಬ ಕೂಗು ಅಂದಿನ ಸಂಜೆಗೇ ನಿಂತಿತೆಂದು ಯಾರೂ ವಾದಿಸಲಾರರು. ರೈಲ್ವೆಯವರು ನಿಲ್ದಾಣದ ಹೆಸರನ್ನು ವಿಜಯಪುರವೆಂದು ತಿದ್ದಿಕೊಂಡ ಮೇಲೆಯೂ ಟಿಕೆಟ್ಟಿನ ಮೇಲಿನ ನಿಲ್ದಾಣ ಸಂಕೇತ 'ಬಿಜೆಪಿ' ಎಂಬ ಮೂರು ಅಕ್ಷರಗಳಾಗಿಯೇ ಉಳಿದಿದ್ದು, ಇದರಲ್ಲಿ ಯಾವ ಪಕ್ಷದ ಕೈವಾಡವೂ ಇಲ್ಲ, ಬಿಜಾಪುರದ ಇಂಗ್ಲಿಷ್ ಕಾಗುಣಿತದ್ದೇ ಕೈವಾಡ ಎಂಬುದನ್ನು ಹೊರಗಿನವರಿಗೆ ಆಗಾಗ ವಿವರಿಸಬೇಕಾಗುತ್ತದೆ. ಇತ್ತ ಛತ್ತೀಸಗಡದಲ್ಲಿ ಬಿಜಾಪುರವೆಂಬ ಜಿಲ್ಲೆಯೊಂದು, ದೇವನಹಳ್ಳಿಯ ಬದಿಗೆ ವಿಜಯಪುರವೆಂಬ ಪಟ್ಟಣವೊಂದು ಬೇರೆ ಇರುವುದರಿಂದ, ಹಳೆಯ ಹೆಸರು ಹಿಡಿದವರು ಒಂದು ಕಡೆಗೂ ಹೊಸ ಹೆಸರು ಹಿಡಿದವರು ಇನ್ನೊಂದು ಕಡೆಗೂ ಹೋಗಿ ಇಳಿಯುವ ಅವಕಾಶ ಭೂಗೋಳದಲ್ಲಿ ಉಂಟು. ಒಂದು ಹೆಸರಿಗೆ ಒಬ್ಬರೇ ಒಡೆಯರೆಂಬ ನಿಯಮ ಡಿಎನ್ಎಸ್‌ನಲ್ಲಿರುವುದರಿಂದ ಅಲ್ಲಿ ಅಷ್ಟರಮಟ್ಟಿಗೆ ನೆಮ್ಮದಿ.

ಟಿಟಿಎಲ್‌ಗೆ ಒಂದು ಮೇಲ್ಮಿತಿಯೂ ಇದೆ. 1997ರ ಆರ್ಎಫ್‌ಸಿ 2181ರ ಪ್ರಕಾರ ಅದು 2147483647 ಸೆಕೆಂಡುಗಳನ್ನು ಮೀರಕೂಡದು. ಲೆಕ್ಕ ಹಾಕಿದರೆ ಇದು 68 ವರ್ಷಕ್ಕೆ ಹದಿನೆಂಟು ದಿನ ಕೂಡಿದಷ್ಟು. ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟ ದಿನ ಯಾರಾದರೂ ಈ ಗರಿಷ್ಠ ಆಯುಷ್ಯದೊಡನೆ ಒಂದು ದಾಖಲೆಯನ್ನು ನೆನಪಿಟ್ಟುಕೊಂಡಿದ್ದರೆ ಅದು 2024ರ ನವೆಂಬರ್ 19ರವರೆಗೆ ಊರ್ಜಿತವಾಗಿರುತ್ತಿತ್ತು. ಬಿಜಾಪುರವೆಂಬ ಹೆಸರನ್ನು 2014ರಲ್ಲಿ ಅದೇ ಆಯುಷ್ಯದೊಡನೆ ಹಿಡಿದಿಟ್ಟವರಿಗೆ 2082ರವರೆಗೆ ಸಮಯವಿದೆ. ರಿಸಾಲ್ವರುಗಳು ಮಾತ್ರ ಇಷ್ಟು ಉದಾರವಾಗಿಲ್ಲ. ಬೈಂಡ್ ಎಂಬ ಬಹಳ ಬಳಕೆಯಲ್ಲಿರುವ ತಂತ್ರಾಂಶ, ಯಾರು ಎಷ್ಟೇ ಆಯುಷ್ಯ ಬರೆದುಕೊಟ್ಟರೂ, ಬೇರೆ ಸೂಚನೆ ಇಲ್ಲದಿದ್ದರೆ ಒಂದು ವಾರಕ್ಕಿಂತ ಹೆಚ್ಚು ಕಾಲ ಯಾವುದನ್ನೂ ನೆನಪಿಡುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದ ಮೇಲೆ ಪರಿಹಾರವೂ ಗೊತ್ತಿರಬೇಕಲ್ಲವೇ ಎಂದು ಕೇಳಿದರೆ, ಗೊತ್ತಿದೆ, 1987ರಿಂದಲೂ ಗೊತ್ತಿದೆ. ಬದಲಾವಣೆ ಬರಲಿದೆಯೆಂದು ಮುಂಚೆಯೇ ತಿಳಿದಿದ್ದರೆ ಟಿಟಿಎಲ್ ಅನ್ನು ಮೊದಲು ಇಳಿಸಿ, ಬದಲಾವಣೆ ಮುಗಿದ ಮೇಲೆ ಹಿಂದಿನಂತೆ ಏರಿಸಬೇಕೆಂಬ ಸಲಹೆ ಆರ್ಎಫ್‌ಸಿ 1034ರಲ್ಲಿಯೇ ಇದೆ. ಅಂಗಡಿಯ ದಾಖಲೆಯ ಆಯುಷ್ಯ 86400 ಇದ್ದರೆ, ಸ್ಥಳಾಂತರಕ್ಕೆ ಎರಡು ದಿನ ಮೊದಲು ಅದನ್ನು 300ಕ್ಕೆ ಇಳಿಸಿಟ್ಟರಾಯಿತು. ಒಂದು ದಿನದ ಹಳೆಯ ನೆನಪುಗಳೆಲ್ಲ ಅಷ್ಟರೊಳಗೆ ಅಳಿದು, ಎಲ್ಲರೂ 5 ನಿಮಿಷದ ನೆನಪಿಗೆ ಇಳಿದಿರುತ್ತಾರೆ, ಮತ್ತು ಅಂಕಿ ಬದಲಾದ 5 ನಿಮಿಷದಲ್ಲಿ ಬಹುಪಾಲು ಜಗತ್ತು ಹೊಸ ಅಂಗಡಿಯ ಮುಂದೆ ನಿಂತಿರುತ್ತದೆ. ಆದರೆ ಮನುಷ್ಯಸ್ವಭಾವವು ಅಂಕಿಯನ್ನು ಮೊದಲು ಬದಲಿಸಿ, ಫೋನುಗಳು ಬರತೊಡಗಿದ ಮೇಲೆ ಟಿಟಿಎಲ್ ಅನ್ನು ಇಳಿಸುತ್ತದೆ. ಹೀಗೆ ಇಳಿಸಿದ ಆಯುಷ್ಯ ಹೊಸದಾಗಿ ಕೇಳಲು ಬರುವವರಿಗೆ ಮಾತ್ರ ಸಿಗುತ್ತದೆ. ಹಳೆಯದನ್ನು ಒಂದು ದಿನಕ್ಕೆಂದು ಒಯ್ದವರು ಬರುವುದೇ ಇಲ್ಲ. ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದೆಂಬ ಗಾದೆಯ ಅರ್ಥ ಕೋಟೆಗಳ ಊರಿನವರಿಗಾದರೂ ಬೇಗ ಹೊಳೆಯಬೇಕಿತ್ತು.

ಅವಸರಕ್ಕೆ ಡಿಎನ್ಎಸ್ ಇನ್ನೂ ಘೋರವಾದ ಒಂದು ಶಿಕ್ಷೆಯನ್ನು ಇಟ್ಟಿದೆ. ಇದ್ದದ್ದನ್ನು ನೆನಪಿಡುವಂತೆಯೇ ಇಲ್ಲದ್ದನ್ನೂ ರಿಸಾಲ್ವರ್ ನೆನಪಿಡುತ್ತದೆ. ಅಂಗಡಿಯವರು ಮಕ್ಕಳ ಉಡುಪುಗಳಿಗೆಂದು ತಮ್ಮ ಡೊಮೇನಿನ ಅಡಿಯಲ್ಲಿ ಹೊಸ ಹೆಸರೊಂದನ್ನು ತೆರೆಯಲು ನಿಶ್ಚಯಿಸಿ, ಹುಡುಗ ಅದನ್ನು ದಾಖಲಿಸುವ ಮೊದಲೇ ಬಂತೋ ಇಲ್ಲವೋ ಎಂದು ಒಮ್ಮೆ ಒತ್ತಿ ನೋಡಿದರೆ, ಅಧಿಕೃತ ಸರ್ವರ್ 'ಈ ಹೆಸರಿನದು ಏನೂ ಇಲ್ಲ' ಎಂದು ಪ್ರಾಮಾಣಿಕವಾಗಿ ಹೇಳುತ್ತದೆ, ರಿಸಾಲ್ವರ್ ಆ 'ಇಲ್ಲ'ವನ್ನು ವಿಧಿವತ್ತಾಗಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ನಿಮಿಷದಲ್ಲಿಯೇ ಹೆಸರು ದಾಖಲಾದರೂ ಪ್ರಯೋಜನವಿಲ್ಲ. ಜಗತ್ತಿನ ಉಳಿದವರೆಲ್ಲ ಆ ಪುಟವನ್ನು ನೋಡುತ್ತಿರುವಾಗ, ಅದನ್ನು ಎಲ್ಲರಿಗಿಂತ ಮೊದಲು ನೋಡಬೇಕೆಂದು ಆಸೆಪಟ್ಟವರಿಗೆ ಮಾತ್ರ, ಜೊತೆಗೆ ಅದೇ ರಿಸಾಲ್ವರನ್ನು ಬಳಸುವ ಅವರ ನಿರಪರಾಧಿ ನೆರೆಹೊರೆಯವರಿಗೂ, ಅದು ಇಲ್ಲವೇ ಇಲ್ಲ. ಈ 'ಇಲ್ಲ'ದ ಆಯುಷ್ಯವನ್ನೂ ಡೊಮೇನಿನವರೇ ನಮೂದಿಸಿರುತ್ತಾರೆ. 1998ರ ಆರ್ಎಫ್‌ಸಿ 2308 ಒಂದರಿಂದ ಮೂರು ಗಂಟೆಯಷ್ಟಿದ್ದರೆ ಚೆನ್ನ, ಒಂದು ದಿನವನ್ನು ಮೀರಿದರೆ ತೊಂದರೆ ಎಂಬ ಅಭಿಪ್ರಾಯವನ್ನು ದಾಖಲಿಸಿದೆ. ಮದುವೆ ನಿಶ್ಚಯವಾಗುವ ಮೊದಲೇ ಜವಳಿ ತೆಗೆಯಬಾರದೆಂದು ಚಡಚಣದ ಪೇಟೆಗೆ ಬರುವ ಹಿರಿಯರು ಹೇಳುವುದಕ್ಕೂ ಈ ಆರ್ಎಫ್‌ಸಿಗೂ ಐತಿಹಾಸಿಕ ಸಂಬಂಧವೇನೂ ಇಲ್ಲ.

ಹಾಗಾದರೆ 48 ಗಂಟೆ ಎಂಬ ಅಂಕಿ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಮೇಲಿನ ಮೇಜಿನಲ್ಲಿ ಸಿಗುತ್ತದೆ. ಜಾಲತಾಣದ ಅಂಕಿಯನ್ನು ಮಾತ್ರ ಬದಲಿಸುವುದು ಒಂದು ಬಗೆಯಾದರೆ, ಆ ಡೊಮೇನಿನ ವಿಚಾರವನ್ನೆಲ್ಲ ಇನ್ನು ಮುಂದೆ ಬೇರೊಬ್ಬರ ಸರ್ವರಿನಲ್ಲಿ ಕೇಳಬೇಕೆಂದು ಅಧಿಕಾರವನ್ನೇ ವರ್ಗಾಯಿಸುವುದು ಇನ್ನೊಂದು ಬಗೆ. ಇಂಡಿ ತಾಲ್ಲೂಕಿನಲ್ಲಿದ್ದ ಚಡಚಣ ಸ್ವತಂತ್ರ ತಾಲ್ಲೂಕಾದದ್ದು ಈ ಎರಡನೆಯ ಬಗೆಗೆ ಸೇರಿದ ವ್ಯವಹಾರ. 2017ರ ಮಾರ್ಚ್ ತಿಂಗಳ ರಾಜ್ಯ ಆಯವ್ಯಯದಲ್ಲಿ ಪ್ರಕಟವಾದ 49 ಹೊಸ ತಾಲ್ಲೂಕುಗಳಲ್ಲಿ ಅದೂ ಒಂದಾಗಿ, ಇಲ್ಲಿಯ ವಿಚಾರವನ್ನು ಇಂಡಿಯಲ್ಲಿ ಅಲ್ಲ, ಚಡಚಣದಲ್ಲಿಯೇ ಕೇಳಬೇಕೆಂದು ಮೇಲಿನವರು ಬರೆದುಕೊಟ್ಟರು. ಡಿಎನ್ಎಸ್‌ನಲ್ಲಿ ಹೀಗೆ ಕೈತೋರುವ ದಾಖಲೆ ಡೊಮೇನಿನ ಒಡೆಯರ ಬಳಿ ಮಾತ್ರವಲ್ಲದೆ ಮೇಲಿನ ವಲಯದವರ ಬಳಿಯೂ ಇರುತ್ತದೆ; ಮೇಲಿನವರ ಪ್ರತಿಯ ಆಯುಷ್ಯವನ್ನು ಇಳಿಸುವ ಅಧಿಕಾರ ಕೆಳಗಿನವರಿಗಿಲ್ಲ. 'ಡಾಟ್ ಕಾಮ್' ವಲಯ ತನ್ನ ಅಡಿಯ ಡೊಮೇನುಗಳ ಕೈತೋರುವ ದಾಖಲೆಗೆ ಕೊಡುತ್ತ ಬಂದಿರುವ ಆಯುಷ್ಯ 172800 ಸೆಕೆಂಡು, ಅಂದರೆ ಸರಿಯಾಗಿ 48 ಗಂಟೆ. ಮೇಲಾಗಿ 2004ರವರೆಗೆ ಆ ವಲಯದ ಕಡತವನ್ನು ದಿನಕ್ಕೆ ಎರಡೇ ಸಲ ಹೊಸದಾಗಿ ಹೊರಡಿಸಲಾಗುತ್ತಿದ್ದುದರಿಂದ, ಬದಲಾವಣೆ ಅಧಿಕೃತ ಮೇಜನ್ನು ಸೇರಲು ಅರ್ಧ ದಿನ ಕಾಯಬೇಕಾಗಿದ್ದುದೂ ಉಂಟು. ಅನಂತರ ಅದು ನಿಮಿಷಗಳ ಕೆಲಸವಾಯಿತು. ಕಾರಣಗಳಲ್ಲಿ ಒಂದು ಹೋಗಿ ಒಂದು ಉಳಿದಿದ್ದರೂ ಒಕ್ಕಣೆ ಮಾತ್ರ ಎಲ್ಲ ಬಗೆಯ ಬದಲಾವಣೆಗೂ ಒಂದೇ ಆಗಿ ಮುಂದುವರಿದಿದೆ. ಐದು ನಿಮಿಷದಲ್ಲಿ ಆಗುವ ಕೆಲಸಕ್ಕೂ ಎರಡು ದಿನ ಎಂದು ಹೇಳಿಬಿಟ್ಟರೆ ದೂರು ಬರುವುದಿಲ್ಲವೆಂಬುದು ಸೇವಾಕ್ಷೇತ್ರದವರು ಬೇಗನೆ ಕಲಿತ ಪಾಠಗಳಲ್ಲೊಂದು. ದರ್ಜಿಗಳಿಗೆ ಇದು ಮೊದಲಿಂದಲೂ ಗೊತ್ತಿತ್ತು.

ಹಳೆಯ ಪುಟ, ಹೊಸ ಪುಟ, ಮತ್ತೆ ಹಳೆಯ ಪುಟ ಹೀಗೆ ಒಂದೇ ಮೊಬೈಲಿನಲ್ಲಿ ಅದಲುಬದಲಾಗಿ ಕಾಣುವ ವಿದ್ಯಮಾನವನ್ನು ಕಂಡವರು ದೆವ್ವದ ಕಡೆಗೆ ಬೆರಳು ಮಾಡುವುದುಂಟು. ದೊಡ್ಡ ಕಂಪನಿಯ ರಿಸಾಲ್ವರ್ ಎಂಬುದು ಒಂದು ಯಂತ್ರವಲ್ಲ. ಒಂದೇ ವಿಳಾಸದ ಹಿಂದೆ ಅನೇಕ ಯಂತ್ರಗಳು ನಿಂತಿದ್ದು, ಪ್ರತಿಯೊಂದಕ್ಕೂ ಅದರದೇ ನೆನಪಿರಬಹುದು, ಮತ್ತು ಒಂದು ಪ್ರಶ್ನೆ ಯಾವ ಯಂತ್ರದ ಪಾಲಿಗೆ ಹೋಗುತ್ತದೆ ಎಂಬುದು ಕೇಳಿದವರ ಕೈಯಲ್ಲಿಲ್ಲ. 2009ರ ಡಿಸೆಂಬರಿನಲ್ಲಿ ಗೂಗಲ್ ತೆರೆದ 8.8.8.8 ಎಂಬ ಸಾರ್ವಜನಿಕ ರಿಸಾಲ್ವರಿಗೂ 2018ರ ಏಪ್ರಿಲ್ 1ರಂದು ಕ್ಲೌಡ್‌ಫ್ಲೇರ್ ತೆರೆದ 1.1.1.1ಕ್ಕೂ ಈ ಮಾತು ಅನ್ವಯಿಸುತ್ತದೆ. ಗಡಿಯ ಊರುಗಳಲ್ಲಿ ಮೊಬೈಲು ಒಮ್ಮೆ ಕರ್ನಾಟಕದ ಟವರನ್ನೂ ಇನ್ನೊಮ್ಮೆ ಮಹಾರಾಷ್ಟ್ರದ ಟವರನ್ನೂ ಹಿಡಿಯಬಹುದಾದ್ದರಿಂದ, ಮನೆಯ ಹಿತ್ತಿಲಲ್ಲಿ ಹೊಸ ಅಂಗಡಿಯೂ ಪಡಸಾಲೆಯಲ್ಲಿ ಹಳೆಯ ಅಂಗಡಿಯೂ ಕಾಣುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಇದರ ಮೇಲೆ ಕಂಪ್ಯೂಟರಿಗೆ ಒಂದು ನೆನಪು, ಬ್ರೌಸರಿಗೆ ಇನ್ನೊಂದು ನೆನಪು, ಕೆಲವು ಮನೆಗಳ ವೈಫೈ ಪೆಟ್ಟಿಗೆಗೆ ಮತ್ತೊಂದು. ನಿಯಮವನ್ನು ಪಾಲಿಸುವ ನೆನಪುಗಳು ಸಾಲಾಗಿ ನಿಂತರೂ ಕಾಯುವ ಕಾಲ ಕೂಡುತ್ತ ಹೋಗುವುದಿಲ್ಲ, ಏಕೆಂದರೆ ರಿಸಾಲ್ವರ್ ಮುಂದಿನವರಿಗೆ ಕೊಡುವುದು ಪೂರ್ತಿ ಆಯುಷ್ಯವನ್ನಲ್ಲ, ಉಳಿದ ಆಯುಷ್ಯವನ್ನು. ನಿಯಮ ಪಾಲಿಸದವೂ ಇವೆ: ಒಮ್ಮೆ ಕೇಳಿದ ವಿಳಾಸವನ್ನು ಯಂತ್ರ ಆರಿಸಿ ಹಚ್ಚುವವರೆಗೂ ಬಿಡದೆ ಹಿಡಿದಿಟ್ಟುಕೊಳ್ಳುವ ತಂತ್ರಾಂಶಗಳು. ಅವುಗಳ ಎದುರು ವಾದ ನಡೆಯುವುದಿಲ್ಲ.

ಸಣ್ಣ ಊರಿನ ಸಣ್ಣ ಅಂಗಡಿಗೆ ಮಾತ್ರ ಈ ಪಾಡು ಎಂದುಕೊಳ್ಳಬೇಕಾಗಿಲ್ಲ. ಕಚೇರಿಗಳ ಹರಟೆಗೆಲ್ಲ ಆಶ್ರಯವಾಗಿರುವ ಸ್ಲ್ಯಾಕ್ ಕಂಪನಿಯವರು 2021ರ ಸೆಪ್ಟೆಂಬರ್ 30ರಂದು ತಮ್ಮ ಡೊಮೇನಿಗೆ ಡಿಎನ್ಎಸ್ಸೆಕ್ ಎಂಬ ಭದ್ರತೆಯನ್ನು, ಅಂದರೆ ಉತ್ತರ ಅಸಲಿಯೇ ಎಂದು ಸಹಿಯಿಂದ ಪರೀಕ್ಷಿಸುವ ಪದ್ಧತಿಯನ್ನು, ಅಳವಡಿಸಿದರು. ಕೆಲವರಿಗೆ ತೊಂದರೆ ಕಂಡುಬಂದದ್ದರಿಂದ ಸಹಿ ಹಾಕುವುದನ್ನು ನಿಲ್ಲಿಸಿದರು. ಆದರೆ 'ಈ ಡೊಮೇನಿನ ಉತ್ತರಕ್ಕೆ ಸಹಿ ಇರಲೇಬೇಕು' ಎಂದು ಸಾರುವ ದಾಖಲೆ ಮೇಲಿನ ವಲಯದ್ದಾಗಿದ್ದು, ಅದರ ಆಯುಷ್ಯ 24 ಗಂಟೆ ಇದ್ದುದರಿಂದ, ಅದನ್ನು ನೆನಪಿಟ್ಟುಕೊಂಡಿದ್ದ ರಿಸಾಲ್ವರುಗಳು ಸಹಿಯಿಲ್ಲದ ನಿಜವಾದ ಉತ್ತರವನ್ನು ನಕಲಿಯೆಂದು ತಿರಸ್ಕರಿಸತೊಡಗಿದವು. ಮಾಲಕರು ಕಟ್ಟಪ್ಪಣೆ ಮಾಡಿ ಹೋದ ಮೇಲೆ ಮಾಲಕರನ್ನೇ ಒಳಗೆ ಬಿಡದ ಕಾವಲುಗಾರನ ನಿಷ್ಠೆ ಅದು. ತಪ್ಪು ತಿಳಿದಿತ್ತು, ತಿದ್ದಿಯೂ ಆಗಿತ್ತು. ಆದರೂ ಆ ಕಂಪನಿಯವರು ದೊಡ್ಡ ರಿಸಾಲ್ವರುಗಳನ್ನು ನಡೆಸುವವರಿಗೆ ನಿಮ್ಮ ನೆನಪನ್ನು ದಯವಿಟ್ಟು ಅಳಿಸಿರಿ ಎಂದು ಮೊರೆಯಿಡಬೇಕಾಯಿತು, ಉಳಿದಲ್ಲಿ ದಿನ ಕಳೆಯುವುದನ್ನು ಕಾಯಬೇಕಾಯಿತು.

ಅಂತೂ ಸಾವಕಾರರ ಹುಡುಗನಿಗೆ ಕೊಡಬಹುದಾದ ಬುದ್ಧಿಮಾತು ಇಷ್ಟೇ ಉಳಿಯುತ್ತದೆ: ಹೊಸ ಸರ್ವರಿನಲ್ಲಿ ಅಂಗಡಿಯನ್ನು ತೆರೆದ ದಿನವೇ ಹಳೆಯ ಸರ್ವರಿನ ಬಾಗಿಲು ಹಾಕಬಾರದು. ಹಳೆಯ ದಾಖಲೆಯ ಆಯುಷ್ಯ ಮುಗಿಯುವವರೆಗೆ ಹಳೆಯ ನೆನಪನ್ನು ನಂಬಿದವರು ಅಲ್ಲಿಗೇ ಬರುತ್ತಿರುತ್ತಾರೆ. ಪುಟ ತೆರೆಯದಿದ್ದರೆ ಬೈದುಕೊಂಡಾದರೂ ಹೋಗುತ್ತಾರೆ, ಆದರೆ ಮಿಂಚಂಚೆಯ ಕಥೆ ಹಾಗಲ್ಲ. ಅಂಚೆಯನ್ನು ಸ್ವೀಕರಿಸುವ ಸರ್ವರ್ ಯಾವುದೆಂದು ತಿಳಿಸುವ ಎಂಎಕ್ಸ್ ಎಂಬ ದಾಖಲೆಗೂ ಟಿಟಿಎಲ್ ಉಂಟು, ಹೀಗಾಗಿ ಬದಲಾವಣೆಯ ಆ ದಿನಗಳಲ್ಲಿ ಬಂದ ಬೇಡಿಕೆಗಳಲ್ಲಿ ಅರ್ಧ ಹೊಸ ಡಬ್ಬಿಗೂ ಅರ್ಧ ಹಳೆಯ ಡಬ್ಬಿಗೂ ಬಿದ್ದಿರುತ್ತವೆ. ಇಂಡಿಯಿಂದ ಬಂದ ಐವತ್ತು ಸೀರೆಗಳ ಬೇಡಿಕೆ ಯಾವ ಡಬ್ಬಿಯಲ್ಲಿದೆಯೆಂದು ನೋಡುವ ಮೊದಲೇ ಹಳೆಯ ಸರ್ವರಿನ ಬಾಡಿಗೆಯನ್ನು ಉಳಿಸಲು ಹೋದ ಸಾವಕಾರರು, ಲಗ್ನದ ದಿನ ಬೀಗರ ಎದುರಿಗೆ ಟಿಟಿಎಲ್‌ನ ಸಿದ್ಧಾಂತವನ್ನು ವಿವರಿಸಬೇಕಾಗುತ್ತದೆ.